ಬೆಲ್ಲದ ಮಂಡಿಯ ತೂಕದ ಪ್ರೋಗ್ರಾಂ: ಆಂಟಿವೈರಸ್ ಹಿಡಿದದ್ದು ಏಕೆ, ಬಿಡಿಸಿದ್ದು ಹೇಗೆ (ಬಿಲ್ಡ್ 0.3ರಿಂದ 0.5)

ಮಂಡ್ಯದ ಎಪಿಎಂಸಿ ಯಾರ್ಡಿನ ಬೆಲ್ಲದ ಮಂಡಿಗಳಿಗೆಂದು ಕಟ್ಟುತ್ತಿರುವ ಚಿಕ್ಕ ವಿಂಡೋಸ್ ಪ್ರೋಗ್ರಾಂ ಇದು. ಪ್ಲಾಟ್‌ಫಾರಂ ತಕ್ಕಡಿಯ ಡಿಜಿಟಲ್ ಇಂಡಿಕೇಟರಿನಿಂದ ತೂಕವನ್ನು ಸೀರಿಯಲ್ ಕೇಬಲ್ ಮೂಲಕ ಓದುತ್ತದೆ. ಗುಮಾಸ್ತ ಒಂದು ಕೀ ಒತ್ತಿದರೆ ಆ ಅಂಕಿಯನ್ನು ಬಿಲ್ಲಿಂಗ್ ಪರದೆಯಲ್ಲಿ ಕರ್ಸರ್ ಇರುವ ಕಡೆ ತಾನೇ ಟೈಪ್ ಮಾಡುತ್ತದೆ. ಅಚ್ಚು, ಬಕೆಟ್, ಕುರಿಕಟ್ಟು, ಯಾವ ಬೆಲ್ಲದ ಲಾಟೇ ಬರಲಿ, ಚೀಟಿಯಲ್ಲಿ 486 ಇದ್ದದ್ದು ಬಿಲ್ಲಿನಲ್ಲಿ 468 ಆಗಬಾರದು, ಅಷ್ಟೇ ಉದ್ದೇಶ. ಬರೆದದ್ದು ಪೈಥಾನ್‌ನಲ್ಲಿ, ಪೈಸೀರಿಯಲ್ ಲೈಬ್ರರಿ, 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಕಂಪ್ಯೂಟರಿನಲ್ಲಿ ಸೀರಿಯಲ್ ಪೋರ್ಟ್ ಇಲ್ಲದ ಕಡೆ ಸಿಎಚ್340 ಚಿಪ್ಪಿನ ಯುಎಸ್‌ಬಿ ಕೇಬಲ್.

0.3 ಬಿಲ್ಡನ್ನು (ಓಡಿಸಲು ಸಿದ್ಧವಾಗಿ ಕಟ್ಟಿದ ಆವೃತ್ತಿ) ಪರೀಕ್ಷೆಗೆ ಕೊಟ್ಟ ಮೇಲೆ ಬಂದ ದೂರು ತಕ್ಕಡಿಯ ಮೇಲಲ್ಲ. "ಸಾ, ಐಕಾನ್ ಅದೆ, ಒತ್ತಿದ್ರೆ ಏನೂ ಬತ್ತಾ ಇಲ್ಲ." ಶಾರ್ಟ್‌ಕಟ್ ಡೆಸ್ಕ್‌ಟಾಪಿನಲ್ಲೇ ಉಳಿದು, ಅದು ತೋರಿಸುವ ಇಎಕ್ಸ್‌ಇ ಫೈಲ್ ಕ್ವಾರಂಟೈನ್ (ಅನುಮಾನದ ಫೈಲುಗಳನ್ನು ಆಂಟಿವೈರಸ್ ಕೂಡಿಹಾಕುವ ಜಾಗ) ಸೇರಿದರೆ ಹೀಗೇ ಆಗುವುದು. ಆಂಟಿವೈರಸ್ ಮೂಲೆಯಲ್ಲಿ ಒಂದು ಸಂದೇಶ ತೋರಿಸಿ ಮಾಯವಾಗಿರುತ್ತದೆ. ಹರಾಜಿನ ಗಲಾಟೆಯಲ್ಲಿ ಅದನ್ನು ಓದುವವರು ಯಾರು?

ಮೊದಲು, ನಿಜಕ್ಕೂ ಸುಳ್ಳು ಎಚ್ಚರಿಕೆಯೇ?

"ನಮ್ಮ ಪ್ರೋಗ್ರಾಂ ತಾನೇ, ವೈರಸ್ ಎಲ್ಲಿಂದ ಬರುತ್ತೆ" ಎಂದು ಇಲ್ಲಿಂದ ಮುಂದೆ ಹಾರಬಾರದು. ಇಎಕ್ಸ್‌ಇ ಫೈಲುಗಳಿಗೇ ಅಂಟಿಕೊಳ್ಳುವ ಸಾಲಿಟಿಯಂಥ ವೈರಸ್‌ಗಳು ಪೆನ್‌ಡ್ರೈವ್ ಹಿಡಿದು ಅಂಗಡಿಯಿಂದ ಅಂಗಡಿಗೆ ಓಡಾಡುತ್ತವೆ. ಬಿಲ್ಡ್ ಮಾಡಿದ ಯಂತ್ರದಲ್ಲಿ ಶುದ್ಧವಾಗಿದ್ದ ಫೈಲ್ ಮಂಡಿ ಸೇರುವಷ್ಟರಲ್ಲಿ ಸೋಂಕು ಹತ್ತಿಸಿಕೊಂಡಿರಬಹುದು.

ಪರೀಕ್ಷೆ ಸುಲಭ. ವಿಂಡೋಸ್ ಜೊತೆಗೇ ಬರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಎರಡೂ ಕಡೆಯ ಫೈಲುಗಳ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ತೆಗೆಯಿರಿ, 64 ಅಕ್ಷರಗಳನ್ನೂ ಹೋಲಿಸಿ. ಒಂದೇ ಆಗಿದ್ದರೆ ದಾರಿಯಲ್ಲಿ ಯಾರೂ ಮುಟ್ಟಿಲ್ಲ. ಬೇರೆಯಾಗಿದ್ದು ಫೈಲಿನ ಗಾತ್ರವೂ ಹೆಚ್ಚಿದ್ದರೆ ಆಂಟಿವೈರಸ್ ಹೇಳುತ್ತಿರುವುದು ಸರಿಯಿರಬಹುದು; ಬಿಡಿಸುವ ಮಾತು ಅಲ್ಲಿಗೇ ನಿಲ್ಲಿಸಿ ಆ ಕಂಪ್ಯೂಟರನ್ನೂ ಪೆನ್‌ಡ್ರೈವನ್ನೂ ಪೂರ್ತಿ ಸ್ಕ್ಯಾನ್ ಮಾಡಬೇಕು. ಹ್ಯಾಶ್ ಒಂದೇ ಇದ್ದರೂ ಬಿಲ್ಡ್ ಯಂತ್ರದ ಮೇಲಿನ ಅನುಮಾನ ಹೋಗುವುದಿಲ್ಲ. ಹೊಸದಾಗಿ ವಿಂಡೋಸ್ ಹಾಕಿದ ವರ್ಚುವಲ್ ಯಂತ್ರದಲ್ಲಿ, ಪೈಥಾನನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿ, ಅದೇ ಸೋರ್ಸಿನಿಂದ (ನಾವು ಬರೆದ ಮೂಲ ಕೋಡಿನಿಂದ) ಇನ್ನೊಮ್ಮೆ ಬಿಲ್ಡ್ ಮಾಡಿ. ಅದನ್ನೂ ಅದೇ ಹೆಸರಿನಿಂದ ಹಿಡಿದರೆ, ಕಾರಣ ನಮ್ಮ ಬಿಲ್ಡಿನ ರೂಪದಲ್ಲಿದೆ.

ಇನ್ನು ಹೆಸರು ಓದುವುದು. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಕೊಡುವ ಹೆಸರಿನ ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆಯೂ ಎಂಎಲ್ ಎಂಬ ಎರಡು ಅಕ್ಷರಗಳೂ ಇದ್ದರೆ ಅದು ಮಷೀನ್ ಲರ್ನಿಂಗ್ ಮಾದರಿಯ ಅಂದಾಜು. ವಕಾಟಾಕ್ ಎಂಬ ಹೆಸರು ಈ ಬಾಲದೊಂದಿಗೆ ಬರುವುದನ್ನು ಹವ್ಯಾಸಿ ಪ್ರೋಗ್ರಾಂ ಬರೆಯುವವರೆಲ್ಲ ಕಂಡಿರುತ್ತಾರೆ. ಬೇರೆ ಕಂಪನಿಗಳ ಪಟ್ಟಿಯಲ್ಲಿ "ಜೆನೆರಿಕ್", "ಹ್ಯೂರಿಸ್ಟಿಕ್", "ಸಸ್ಪಿಶಿಯಸ್" ಎಂದಿದ್ದರೂ ಅರ್ಥ ಇಷ್ಟೇ: ಇಂಥದ್ದೇ ವೈರಸ್ ಎಂದು ಗುರುತು ಹಿಡಿದದ್ದಲ್ಲ, ಲಕ್ಷಣ ನೋಡಿ ಅನುಮಾನಿಸಿದ್ದು. ಹಲವು ಆಂಟಿವೈರಸ್ ಎಂಜಿನ್‌ಗಳು ಒಂದೇ ಕುಟುಂಬದ ಹೆಸರು ಹೇಳಿದರೆ ಮಾತ್ರ ಎದ್ದು ಕೂರಬೇಕು.

ಸುಮಾರು 70 ಎಂಜಿನ್‌ಗಳ ಅಭಿಪ್ರಾಯ ಒಂದೇ ಕಡೆ ಸಿಗುವುದು ವೈರಸ್‌ಟೋಟಲ್ ಎಂಬ ತಾಣದಲ್ಲಿ. ಅಲ್ಲಿ ಮೊದಲು ಹ್ಯಾಶ್ ಮಾತ್ರ ಹುಡುಕಿ. ಫೈಲನ್ನೇ ಅಪ್‌ಲೋಡ್ ಮಾಡಿದರೆ ಅದು ಆಂಟಿವೈರಸ್ ಕಂಪನಿಗಳಿಗೂ ಚಂದಾದಾರರಿಗೂ ಸಿಗುತ್ತದೆ, ವಾಪಸ್ ಪಡೆಯಲಾಗದು. ಪರೀಕ್ಷೆಗೆಂದು ರೈತರ ಹೆಸರು, ಬ್ಯಾಂಕ್ ಖಾತೆ ಸಂಖ್ಯೆ ಇರುವ ಡೇಟಾಬೇಸನ್ನು ಬಿಲ್ಡಿನೊಳಗೇ ಸೇರಿಸಿದ್ದರೆ ಅದೂ ಹೋದಂತೆ. ಡೇಟಾ ಬೇರೆ, ಪ್ರೋಗ್ರಾಂ ಬೇರೆ ಇರಲಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಬೇಕು. ಫೈಲ್ ಇದ್ದ ಜಾಗದಲ್ಲೇ ಇದ್ದು, ತೆರೆಯಹೋದಾಗ ನೀಲಿ ಪೆಟ್ಟಿಗೆ ಬಂದರೆ ಅದು ಸ್ಮಾರ್ಟ್‌ಸ್ಕ್ರೀನ್; ಅದು ವೈರಸ್ ಎನ್ನುತ್ತಿಲ್ಲ, "ಇದರ ಪರಿಚಯ ನನಗಿಲ್ಲ" ಎನ್ನುತ್ತಿದೆ. ಫೈಲೇ ಕಾಣೆಯಾದರೆ ಆಂಟಿವೈರಸ್. ಪ್ರೋಗ್ರಾಂ ಚೆನ್ನಾಗಿ ಓಡಿ, ಡಾಕ್ಯುಮೆಂಟ್ಸ್ ಫೋಲ್ಡರಿಗೆ ಬರೆಯುವಾಗ ಮಾತ್ರ ಸೋತರೆ ಡಿಫೆಂಡರಿನ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ತಡೆಯುತ್ತಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಹೊಸದಾಗಿ ವಿಂಡೋಸ್ 11 ಹಾಕಿದ ಕಂಪ್ಯೂಟರಿನಲ್ಲಿ ಸ್ಮಾರ್ಟ್ ಆ್ಯಪ್ ಕಂಟ್ರೋಲ್ (ಅಪರಿಚಿತ ಪ್ರೋಗ್ರಾಂಗಳನ್ನು ತಡೆಯುವ ವ್ಯವಸ್ಥೆ) ಆನ್ ಆಗಿದ್ದರೆ ಅದು ನಾಲ್ಕನೆಯದು. ಅದರಲ್ಲಿ ಒಂದೇ ಪ್ರೋಗ್ರಾಮಿಗೆ ವಿನಾಯಿತಿ ಕೊಡುವ ಅವಕಾಶವೇ ಇಲ್ಲ.

0.3ರಲ್ಲಿ ಅನುಮಾನ ಹುಟ್ಟಿಸಿದ್ದೇನು

ಆಂಟಿವೈರಸ್ ಕಣ್ಣಿನಿಂದ 0.3 ಬಿಲ್ಡನ್ನು ನೋಡಿದರೆ ಅದು ಹಿಡಿದದ್ದೇನೂ ಅತಿಯಲ್ಲ.

ಪೈಥಾನ್ ಪ್ರೋಗ್ರಾಮನ್ನು ಇಎಕ್ಸ್‌ಇ ಮಾಡಿಕೊಡುವ ಪೈಇನ್‌ಸ್ಟಾಲರ್‌ನಲ್ಲಿ ಒನ್‌ಫೈಲ್ ಆಯ್ಕೆ ಕೊಟ್ಟರೆ ಎಲ್ಲವೂ ಸೇರಿ ಒಂದೇ ಇಎಕ್ಸ್‌ಇ ಆಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಸಲೀಸು. ಆದರೆ ಓಡಿಸಿದಾಗ ನಡೆಯುವುದು ಬೇರೆ: ಫೈಲಿನ ಹಿಂಬದಿಗೆ ಅಂಟಿಸಿದ ಒತ್ತಿದ ಗಂಟು ಬಿಚ್ಚಿಕೊಂಡು, ಟೆಂಪ್ ಫೋಲ್ಡರಿನಲ್ಲಿ ಎಂಇಐ ಎಂದು ಶುರುವಾಗುವ ಹೆಸರಿನ ಹೊಸ ಫೋಲ್ಡರ್ ಹುಟ್ಟಿ, ಅಲ್ಲಿಗೆ ಹತ್ತಾರು ಡಿಎಲ್‌ಎಲ್‌ಗಳು (ಪ್ರೋಗ್ರಾಮಿಗೆ ಬೇಕಾದ ಕೋಡ್ ಫೈಲುಗಳು) ಸುರಿದು, ಅಲ್ಲಿಂದಲೇ ಓಡಲು ಶುರುವಾಗುತ್ತದೆ. ವೈರಸ್ಸನ್ನು ಹೊತ್ತು ತಂದು ಇಳಿಸುವ ಡ್ರಾಪರ್‌ಗಳೂ ಮಾಡುವುದು ಇದನ್ನೇ. ಜೊತೆಗೆ, ಕರೆಂಟ್ ಹೋಗಿ ಯಂತ್ರ ದಿಢೀರನೆ ಆರಿದರೆ ಆ ಫೋಲ್ಡರ್ ಅಳಿಯದೆ ಹಾಗೇ ಉಳಿಯುತ್ತದೆ. ಯುಪಿಎಸ್ ಇಲ್ಲದ ಅಂಗಡಿಯ ಟೆಂಪ್ ಫೋಲ್ಡರ್ ತೆರೆದು ನೋಡಿ, ಇಂಥವು ಸಾಲಾಗಿ ಬಿದ್ದಿರುತ್ತವೆ. ಪ್ರತಿಯೊಂದನ್ನೂ ಸ್ಕ್ಯಾನರ್ ಮತ್ತೆ ಮೂಸುತ್ತದೆ.

ಎರಡನೆಯದು ಬೂಟ್‌ಲೋಡರ್. ಪೈಇನ್‌ಸ್ಟಾಲರ್ ಜೊತೆ ಸಿದ್ಧವಾಗಿ ಬರುವ ಈ ಚಿಕ್ಕ ಸಿ ಪ್ರೋಗ್ರಾಂ ಪ್ರತಿ ಇಎಕ್ಸ್‌ಇಯ ತಲೆಭಾಗದಲ್ಲಿ ಕೂರುತ್ತದೆ. ಒಂದು ಆವೃತ್ತಿಯಿಂದ ಕಟ್ಟಿದ ಎಲ್ಲರ ಪ್ರೋಗ್ರಾಮಿನಲ್ಲೂ ಅದೇ ಬೈಟುಗಳು. ಪೈಥಾನ್‌ನಲ್ಲಿ ಕಳ್ಳ ಪ್ರೋಗ್ರಾಂ ಬರೆಯುವವರೂ ಅದನ್ನೇ ಬಳಸುವುದರಿಂದ, ಅವರನ್ನು ಹಿಡಿಯಲು ಮಾಡಿದ ಗುರುತು ನಮಗೂ ತಾಗುತ್ತದೆ. ಕಳ್ಳನ ಅಂಗಿಯ ಬಣ್ಣ ನೋಡಿ ಸಂತೆಯಲ್ಲಿ ಅದೇ ಬಣ್ಣದವರನ್ನೆಲ್ಲ ಹಿಡಿದ ಹಾಗೆ.

ಮೂರನೆಯದು ಯುಪಿಎಕ್ಸ್, ಫೈಲುಗಳನ್ನು ಒತ್ತಿ ಚಿಕ್ಕದಾಗಿಸುವ ಸಾಧನ. ಬಿಲ್ಡ್ ಯಂತ್ರದ ಪಾತ್‌ನಲ್ಲಿ ಯುಪಿಎಕ್ಸ್ ಇದ್ದರೆ ಸಾಕು, ಪೈಇನ್‌ಸ್ಟಾಲರ್ ಕೇಳದೆಯೇ ಡಿಎಲ್‌ಎಲ್‌ಗಳನ್ನು ಒತ್ತಿಬಿಡುತ್ತದೆ. ಒತ್ತಿದ ಫೈಲಿನ ಎಂಟ್ರೊಪಿ (ಬೈಟುಗಳ ಅಸ್ತವ್ಯಸ್ತತೆಯ ಅಳತೆ) ಪ್ರತಿ ಬೈಟಿಗೆ 8 ಬಿಟ್ಟಿನ ಗರಿಷ್ಠ ಮಿತಿಯ ಹತ್ತಿರಕ್ಕೆ ಹೋಗುತ್ತದೆ. ಒಳಗಿನ ಕೋಡ್ ಓದಲಾಗದ ಫೈಲ್ ಎಂದರೆ ಸ್ಕ್ಯಾನರಿಗೆ ಮೊದಲೇ ಅನುಮಾನ.

ಇವೆಲ್ಲಕ್ಕಿಂತ ಭಾರವಾದದ್ದು ಕೀಬೋರ್ಡ್. ಹಾಟ್‌ಕೀ (ಗುಮಾಸ್ತ ಒತ್ತುವ ಆ ಒಂದು ಕೀ) ಹಿಡಿಯಲು 0.3ರಲ್ಲಿದ್ದದ್ದು ಪೈಥಾನಿನ "ಕೀಬೋರ್ಡ್" ಲೈಬ್ರರಿ. ವಿಂಡೋಸ್‌ನಲ್ಲಿ ಅದು ಲೋ-ಲೆವೆಲ್ ಕೀಬೋರ್ಡ್ ಹುಕ್ ಹಾಕುತ್ತದೆ, ಅಂದರೆ ಇಡೀ ಯಂತ್ರದಲ್ಲಿ ಒತ್ತುವ ಪ್ರತಿ ಕೀಯೂ ನಮ್ಮ ಪ್ರೋಗ್ರಾಮಿನ ಮೂಲಕ ಹಾದುಹೋಗುತ್ತದೆ, ಬ್ಯಾಂಕಿನ ಪಾಸ್‌ವರ್ಡ್ ಕೂಡ. ನಮಗೆ ಬೇಕಿರುವುದು ಒಂದು ಕೀ, ಕೇಳುತ್ತಿರುವುದು ಎಲ್ಲವನ್ನೂ. ಒತ್ತಿದ ಕೀಗಳನ್ನೆಲ್ಲ ಕದ್ದು ನೋಡುವ ಕೀಲಾಗರ್ ಎಂದರೆ ಇದೇ ತಾನೇ? ಇದರ ಮೇಲೆ, ಪ್ರೋಗ್ರಾಂ ತನ್ನನ್ನು ತಾನೇ ರಿಜಿಸ್ಟ್ರಿಯ ರನ್ ಪಟ್ಟಿಗೆ (ಕಂಪ್ಯೂಟರ್ ಜೊತೆ ತಾನೇ ಶುರುವಾಗುವವುಗಳ ಪಟ್ಟಿ) ಸೇರಿಸಿಕೊಳ್ಳುತ್ತಿತ್ತು, ಹೊಸ ಆವೃತ್ತಿ ಬಂದರೆ ಇಳಿಸಿಕೊಂಡು ತನ್ನನ್ನೇ ಬದಲಿಸಿಕೊಳ್ಳುತ್ತಿತ್ತು. ಒಂದೊಂದೂ ತಪ್ಪಲ್ಲ. ಇವೆಲ್ಲವೂ ಒಂದೇ ಫೈಲಿನಲ್ಲಿ, ತಯಾರಕರ ಡಿಜಿಟಲ್ ಸಹಿ ಇಲ್ಲದೆ, ಹಿಂದೆಂದೂ ಯಾರೂ ಕಾಣದ ಹ್ಯಾಶ್‌ನೊಂದಿಗೆ ಬಂದರೆ ಅಂದಾಜಿನ ಅಂಕ ಮಿತಿ ದಾಟುತ್ತದೆ.

ಬೀಟಾ ಬಿಲ್ಡಿಗೆ ಈ ಕೊನೆಯದೇ ಶಾಪ. ಒಂದು ಸಾಲು ಬದಲಿಸಿ ಮತ್ತೆ ಬಿಲ್ಡ್ ಮಾಡಿದರೆ ಹ್ಯಾಶ್ ಹೊಸದು, ಗಳಿಸಿದ್ದ ಪರಿಚಯವೆಲ್ಲ ಸೊನ್ನೆ. ಕ್ಲೌಡ್ ರಕ್ಷಣೆ ಆನ್ ಇರುವ ಡಿಫೆಂಡರ್ ಅಪರಿಚಿತ ಫೈಲನ್ನು ಸಾಮಾನ್ಯವಾಗಿ 10 ಸೆಕೆಂಡಿನವರೆಗೆ ತಡೆದು ನಿಲ್ಲಿಸಿ ಸರ್ವರನ್ನು ಕೇಳಬಹುದು. ಸಂಸ್ಥೆಯ ಸೆಟ್ಟಿಂಗ್‌ನಲ್ಲಿ ಇದನ್ನು ಇನ್ನೂ 50 ಸೆಕೆಂಡ್ ಹೆಚ್ಚಿಸಬಹುದು. "ಮೊದಲ ಸಲ ತೆರೆಯೋಕೆ ತುಂಬ ಹೊತ್ತು" ಎಂಬ ದೂರಿಗೆ ಕಾರಣ ಕೆಲವೊಮ್ಮೆ ಇದೇ.

ಸಹಿಯೂ ಪರಿಚಯವೂ ಎಲ್ಲ ಇದ್ದವರಿಗೂ ಇದು ತಪ್ಪಿದ್ದಲ್ಲ ಅನ್ನಿ. 2010ರ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್‌ನ 5958 ಸಂಖ್ಯೆಯ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಎಂಬ ಸಿಸ್ಟಂ ಫೈಲನ್ನೇ ವೈರಸ್ ಎಂದಿತು, ಯಂತ್ರಗಳು ಸುಮ್ಮನೆ ರೀಸ್ಟಾರ್ಟ್ ಆಗುತ್ತಾ ಕೂತವು. 2022ರ ಸೆಪ್ಟೆಂಬರಿನಲ್ಲಿ ಡಿಫೆಂಡರ್ ಕ್ರೋಮ್, ಎಡ್ಜ್ ಮತ್ತು ಎಲೆಕ್ಟ್ರಾನ್ ಆಧಾರಿತ ಪ್ರೋಗ್ರಾಂಗಳನ್ನು ಹೈವ್ ಎಂಬ ಹೆಸರಿನಡಿ ಹಿಡಿಯಿತು.

0.4: ರೂಪ ಬದಲಿಸಿದ್ದು

ಒನ್‌ಫೈಲ್ ಬಿಟ್ಟು ಒನ್‌ಡಿರ್. ಪೈಇನ್‌ಸ್ಟಾಲರ್ 6ರಿಂದ ಈಚೆಗೆ ಇಎಕ್ಸ್‌ಇ ಒಂದು ಹೊರಗೆ, ಉಳಿದದ್ದೆಲ್ಲ ಇಂಟರ್ನಲ್ ಎಂಬ ಒಳ ಫೋಲ್ಡರಿನಲ್ಲಿ ಕೂರುತ್ತದೆ. ಟೆಂಪ್‌ಗೆ ಏನೂ ಸುರಿಯುವುದಿಲ್ಲ, ತೆರೆಯುವುದೂ ಬೇಗ. ಯುಪಿಎಕ್ಸ್ ಬೇಡ ಎಂಬ ಆಯ್ಕೆಯನ್ನು ಸ್ಪಷ್ಟವಾಗಿಯೇ ಕೊಡಬೇಕು. ಒಂದು ಎಚ್ಚರ: ಒಳ ಫೋಲ್ಡರಿನ ಒಂದೇ ಡಿಎಲ್‌ಎಲ್ ಕ್ವಾರಂಟೈನ್‌ಗೆ ಹೋದರೆ "ಪೈಥಾನ್ ಡಿಎಲ್‌ಎಲ್ ಲೋಡ್ ಆಗಲಿಲ್ಲ" ಎಂಬ ತಪ್ಪು ಬರಬಹುದು. ಅದನ್ನು ನೋಡಿ ಪೈಥಾನ್ ಆವೃತ್ತಿಯ ಬೆನ್ನು ಹತ್ತುವ ಮೊದಲು ಆಂಟಿವೈರಸ್ ಹಿಸ್ಟರಿ ತೆರೆಯಿರಿ.

ಬೂಟ್‌ಲೋಡರನ್ನು ನಾವೇ ಕಂಪೈಲ್ ಮಾಡಬಹುದು. ವಿಷುವಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್‌ನಲ್ಲಿ ಸಿ++ ಭಾಗ ಹಾಕಿಕೊಳ್ಳಿ (ಗಿಗಾಬೈಟುಗಟ್ಟಲೆ ಇಳಿಯುತ್ತದೆ, ಮೊಬೈಲ್ ಡೇಟಾದಲ್ಲಿ ಶುರು ಮಾಡಬೇಡಿ). ಪೈಇನ್‌ಸ್ಟಾಲರಿನ ಸೋರ್ಸ್ ಬಿಚ್ಚಿ, ಬೂಟ್‌ಲೋಡರ್ ಫೋಲ್ಡರಿನೊಳಗೆ ವಾಫ್ ಸ್ಕ್ರಿಪ್ಟನ್ನು ಪೈಥಾನ್‌ನಿಂದ "ಆಲ್" ಎಂದು ಓಡಿಸಿ, ಆಮೇಲೆ ಆ ಸೋರ್ಸಿನಿಂದಲೇ ಪಿಪ್ ಮೂಲಕ ಇನ್‌ಸ್ಟಾಲ್ ಮಾಡಿ. ಹಳೆಯದನ್ನು ಮೊದಲೇ ತೆಗೆದಿರದಿದ್ದರೆ ಬಿಲ್ಡ್ ಸದ್ದಿಲ್ಲದೆ ಹಳೇ ಬೂಟ್‌ಲೋಡರನ್ನೇ ಹಿಡಿಯಬಹುದು. ಹೊಸ ಇಎಕ್ಸ್‌ಇಯ ತಲೆಭಾಗ ಬದಲಾಗಿದೆಯೇ ಎಂದು ನೋಡಿಕೊಳ್ಳಿ. ಇದರಿಂದ ಬೈಟು ಹೋಲಿಸಿ ಹಿಡಿಯುವ ಎಂಜಿನ್‌ಗಳು ಸುಮ್ಮನಾಗುತ್ತವೆ. ನಡವಳಿಕೆ ನೋಡಿ ಹಿಡಿಯುವವು ಆಗುವುದಿಲ್ಲ.

ಅವಕ್ಕೆ ಬೇಕಾದದ್ದು ಹುಕ್ ತೆಗೆಯುವುದು. ವಿಂಡೋಸ್‌ನ ರಿಜಿಸ್ಟರ್‌ಹಾಟ್‌ಕೀ ಎಂಬ ಫಂಕ್ಷನ್ ಕರೆ ಇದೆ. ಪೈಥಾನಿನ ಸಿಟೈಪ್ಸ್ ಮೂಲಕ ನೇರವಾಗಿ ಕರೆಯಬಹುದು, ಇಪ್ಪತ್ತು ಸಾಲಿನೊಳಗಿನ ಕೆಲಸ. ಈ ಒಂದು ಕೀ ಒತ್ತಿದಾಗ ಮಾತ್ರ ನನಗೆ ತಿಳಿಸು, ಉಳಿದದ್ದು ನನಗೆ ಬೇಡ, ಎಂದು ವಿಂಡೋಸ್‌ಗೆ ಹೇಳುವುದು. ಯಾವ ಕೀ ಎಂಬುದು ಮಾತ್ರ ಯೋಚಿಸಬೇಕಾದ ಸಂಗತಿ. ಟ್ಯಾಲಿಯಲ್ಲಿ ಎಫ್8 ಸೇಲ್ಸ್, ಎಫ್9 ಪರ್ಚೇಸ್. ಎಫ್12ನ್ನು ವಿಂಡೋಸ್ ಡೀಬಗರಿಗೆ ಮೀಸಲಿಟ್ಟಿದೆ. ಯಾರೂ ಮುಟ್ಟದ ಪಾಜ್/ಬ್ರೇಕ್ ಕೀ ಒಳ್ಳೆಯದು. ಬೇರೆ ಪ್ರೋಗ್ರಾಂ ಅದೇ ಕೀಯನ್ನು ಮೊದಲೇ ಹಿಡಿದಿದ್ದರೆ ಕರೆ ವಿಫಲವಾಗುತ್ತದೆ. ಆ ಉತ್ತರವನ್ನು ಪರಿಶೀಲಿಸಿ ಪರದೆಯ ಮೇಲೆ ಹೇಳದಿದ್ದರೆ ಗುಮಾಸ್ತ ಕೀ ಒತ್ತುತ್ತಲೇ ಇರುತ್ತಾನೆ.

ಅಂಕಿ ಟೈಪ್ ಮಾಡಲು ಸೆಂಡ್‌ಇನ್‌ಪುಟ್ ಕರೆ ಹಾಗೇ ಉಳಿಯಿತು. ಇಲ್ಲೊಂದು ಗುಂಡಿ ಇದೆ. ಬಿಲ್ಲಿಂಗ್ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದ್ದರೆ, ಸಾಮಾನ್ಯ ಹಂತದ ಪ್ರೋಗ್ರಾಂ ಕಳಿಸಿದ ಕೀಗಳನ್ನು ವಿಂಡೋಸ್ ಸದ್ದಿಲ್ಲದೆ ತಡೆಯುತ್ತದೆ. ಆಗ ನಮ್ಮದನ್ನೂ ಅಡ್ಮಿನ್ ಮಾಡಿಬಿಡೋಣ ಎನ್ನಿಸುತ್ತದೆ. ಬೇಡ. ಕೀ ಕಳಿಸುವ ಪ್ರೋಗ್ರಾಂ ಅಡ್ಮಿನ್ ಹಕ್ಕನ್ನೂ ಕೇಳಿದರೆ ಅನುಮಾನ ಇಮ್ಮಡಿ. ಬಿಲ್ಲಿಂಗ್ ಶಾರ್ಟ್‌ಕಟ್‌ನಲ್ಲಿರುವ ಅಡ್ಮಿನ್ ಟಿಕ್ ತೆಗೆದು ಎರಡನ್ನೂ ಸಾಮಾನ್ಯ ಬಳಕೆದಾರನಾಗಿ ಓಡಿಸುವುದೇ ಸರಿ.

ತನ್ನನ್ನು ತಾನೇ ಬದಲಿಸಿಕೊಳ್ಳುವ ಭಾಗವನ್ನು ಕಿತ್ತುಹಾಕಿ, "ಹೊಸ ಆವೃತ್ತಿ ಇದೆ" ಎಂದು ತೋರಿಸುವುದಷ್ಟನ್ನೇ ಉಳಿಸಿದೆ. ಕಂಪ್ಯೂಟರ್ ಜೊತೆ ಶುರುವಾಗುವ ವ್ಯವಸ್ಥೆಯನ್ನು ಇನ್‌ಸ್ಟಾಲರಿಗೆ ಬಿಟ್ಟಿದೆ, ಬಳಕೆದಾರ ಟಿಕ್ ಹಾಕಿದರೆ ಮಾತ್ರ. ವರ್ಷನ್ ಮಾಹಿತಿ, ಪ್ರಾಡಕ್ಟ್ ಹೆಸರು, ಸ್ವಂತ ಐಕಾನ್ ಸೇರಿಸಿದ್ದಾಯಿತು. ಇವು ತಾವಾಗಿಯೇ ಯಾರನ್ನೂ ಉಳಿಸುವುದಿಲ್ಲ, ಆದರೆ ಖಾಲಿ ಬಿಟ್ಟ ಫೈಲ್ ಅನಾಮಧೇಯವಾಗಿ ಕಾಣುತ್ತದೆ.

0.5: ಇನ್‌ಸ್ಟಾಲರ್, ಪೆನ್‌ಡ್ರೈವ್, ಸಹಿ

ಇನ್ನೋ ಸೆಟಪ್‌ನಲ್ಲಿ ಇನ್‌ಸ್ಟಾಲರ್ ಮಾಡಿ ಪ್ರೋಗ್ರಾಂ ಫೈಲ್ಸ್‌ನೊಳಗೆ ಹಾಕಿದ್ದಕ್ಕೆ ಕಾರಣವಿದೆ: ಸಾಮಾನ್ಯ ಬಳಕೆದಾರ ಅಥವಾ ಅವನ ಹೆಸರಿನಲ್ಲಿ ಓಡುವ ವೈರಸ್ ಆ ಫೋಲ್ಡರಿಗೆ ಬರೆಯಲಾಗದು. ಮುಂದೆ ವಿನಾಯಿತಿ ಕೊಡಬೇಕಾಗಿ ಬಂದರೆ ಇದು ಮುಖ್ಯವಾಗುತ್ತದೆ.

ಪರೀಕ್ಷೆಯಲ್ಲಿ ತಲೆ ಕೆಡಿಸುವ ಒಂದು ಒಗಟು: ಪೆನ್‌ಡ್ರೈವಿನಿಂದ ಹಾಕಿದರೆ ನೀಲಿ ಪೆಟ್ಟಿಗೆ ಬರುವುದಿಲ್ಲ, ಇಂಟರ್ನೆಟ್ಟಿನಿಂದ ಇಳಿಸಿದರೆ ಬರುತ್ತದೆ, ಫೈಲ್ ಮಾತ್ರ ಒಂದೇ. ಬ್ರೌಸರ್ ಇಳಿಸಿದ ಫೈಲಿಗೆ ಝೋನ್ ಐಡೆಂಟಿಫೈಯರ್ ಎಂಬ ಅಡಗಿದ ಚೀಟಿ ಅಂಟುತ್ತದೆ, ಅದರಲ್ಲಿ ಝೋನ್ 3 ಎಂದರೆ ಇಂಟರ್ನೆಟ್. ಆ ಚೀಟಿ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಮಾತ್ರ ನಿಲ್ಲುತ್ತದೆ; ಫ್ಯಾಟ್32 ಪೆನ್‌ಡ್ರೈವಿಗೆ ಕಾಪಿ ಮಾಡಿದಾಗ ಉದುರಿಹೋಗುತ್ತದೆ. ಹಾಗಾಗಿ ಪೆನ್‌ಡ್ರೈವಿನಿಂದ ಓಡಿತು ಎಂಬುದು ಪರೀಕ್ಷೆಯೇ ಅಲ್ಲ. ಬಳಕೆದಾರರು ಹೇಗೆ ಇಳಿಸುತ್ತಾರೋ ಹಾಗೆಯೇ ಇಳಿಸಿ ನೋಡಬೇಕು. ಪರೀಕ್ಷಾ ಯಂತ್ರದಲ್ಲಿ ಆಂಟಿವೈರಸ್ ನಿಜಕ್ಕೂ ಎಚ್ಚರವಾಗಿದೆಯೇ ಎಂದು ತಿಳಿಯಲು 68 ಬೈಟಿನ ಐಕಾರ್ ಪರೀಕ್ಷಾ ಫೈಲ್ ಸಾಕು, ಅದರಿಂದ ಅಪಾಯವಿಲ್ಲ.

ಸಹಿಯ ವಿಷಯ. ಜಿಎಸ್‌ಟಿ ಸಲ್ಲಿಸಲು ಅಂಗಡಿಯವರ ಬಳಿ ಇರುವ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಟೋಕನ್ ಇದಕ್ಕೆ ಬರುವುದಿಲ್ಲ. ಅದು ದಾಖಲೆಗೆ ಸಹಿ ಹಾಕಲು, ಕೋಡ್‌ಗೆ ಸಹಿ ಹಾಕುವ ಅಧಿಕಾರ ಅದರಲ್ಲಿಲ್ಲ. ಕೋಡ್ ಸೈನಿಂಗ್ ಸರ್ಟಿಫಿಕೇಟ್ ಬೇರೆಯೇ ಕೊಳ್ಳಬೇಕು, ಮತ್ತು 2023ರ ಜೂನ್ 1ರಿಂದ ಅದರ ಖಾಸಗಿ ಕೀ ಹಾರ್ಡ್‌ವೇರ್ ಟೋಕನ್ ಅಥವಾ ಅಂಥ ಭದ್ರ ಸಾಧನದಲ್ಲೇ ಇರಬೇಕೆಂಬ ನಿಯಮವಿದೆ. ಕೆಲವೇ ಮಂಡಿಗಳಿಗೆ ಪುಕ್ಕಟೆ ಕೊಡುವ ಪ್ರೋಗ್ರಾಮಿಗೆ ಈ ಖರ್ಚು ದುಬಾರಿಯೇ. ಕೊಂಡರೂ ಸ್ಮಾರ್ಟ್‌ಸ್ಕ್ರೀನ್ ಮೊದಲ ದಿನವೇ ಸುಮ್ಮನಾಗುವುದಿಲ್ಲ. ಲಾಭವೆಂದರೆ ಗಳಿಸಿದ ಪರಿಚಯ ಸರ್ಟಿಫಿಕೇಟಿಗೆ ಅಂಟಿ ಮುಂದಿನ ಬಿಲ್ಡಿಗೂ ಬರುತ್ತದೆ. ಸಹಿ ಹಾಕುವಾಗ ಟೈಮ್‌ಸ್ಟ್ಯಾಂಪ್ ಮರೆಯಬೇಡಿ, ಇಲ್ಲದಿದ್ದರೆ ಸರ್ಟಿಫಿಕೇಟಿನ ಅವಧಿ ಮುಗಿದ ದಿನ ಹಳೆಯ ಬಿಲ್ಡುಗಳ ಸಹಿಯೂ ಮುಗಿಯುತ್ತದೆ. 0.5 ಸಹಿಯಿಲ್ಲದೆಯೇ ಹೋಯಿತು.

ಸಹಿ ಇಲ್ಲದವರಿಗೆ ಇನ್ನೊಂದು ದಾರಿ ಇದೆ: ಪೈಥಾನಿನ ಅಧಿಕೃತ ಎಂಬೆಡೆಬಲ್ ಜಿಪ್. ಅದರಲ್ಲಿನ ಇಎಕ್ಸ್‌ಇಗೆ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ಸಹಿ ಇರುತ್ತದೆ, ನಮ್ಮದು ಬರೀ ಸ್ಕ್ರಿಪ್ಟ್. ಸಮಸ್ಯೆ ಎಂದರೆ ಅದರಲ್ಲಿ ಟಿಕೆಇಂಟರ್ ಇಲ್ಲ, ಕಿಟಕಿಗಳನ್ನು ಬೇರೆ ರೀತಿ ಕಟ್ಟಬೇಕು. ಎಷ್ಟು ಬಿಲ್ಡ್ ಕೊಟ್ಟರೂ ಬಿಡದ ಯಂತ್ರಕ್ಕೆ ಇದನ್ನು ಇಟ್ಟುಕೊಳ್ಳಬಹುದು.

ಕಂಪನಿಗೆ ಕಳಿಸುವುದು, ಅಂಗಡಿಯಲ್ಲಿ ಬಿಡಿಸುವುದು

ಡಿಫೆಂಡರಿಗಾದರೆ ಮೈಕ್ರೋಸಾಫ್ಟಿನ ಫೈಲ್ ಸಲ್ಲಿಕೆ ಪುಟದಲ್ಲಿ "ಸಾಫ್ಟ್‌ವೇರ್ ಡೆವಲಪರ್" ಆಯ್ದು, ತಪ್ಪಾಗಿ ಹಿಡಿದಿದೆ ಎಂದು ಗುರುತಿಸಿ, ಪತ್ತೆಯ ಪೂರ್ತಿ ಹೆಸರು ಮತ್ತು ಡೆಫಿನಿಷನ್ ಆವೃತ್ತಿ ಬರೆಯಿರಿ. ಇನ್‌ಸ್ಟಾಲರ್ ಒಂದನ್ನೇ ಅಲ್ಲ, ಹಿಡಿದ ಒಳಗಿನ ಫೈಲನ್ನೂ ಕಳಿಸಿ. ಬೇರೆ ಕಂಪನಿಗಳಿಗೆ ಅವರವರ ಫಾರಂ ಬೇರೆ; ವೈರಸ್‌ಟೋಟಲ್‌ಗೆ ದೂರಿ ಪ್ರಯೋಜನವಿಲ್ಲ, ಅದು ಅವರ ಉತ್ತರ ತೋರಿಸುತ್ತದೆ ಅಷ್ಟೆ. "ನಮ್ಮ ಪ್ರೋಗ್ರಾಂ ಸೇಫ್" ಎಂದು ಬರೆಯುವ ಬದಲು, ಹಾಟ್‌ಕೀ ಏಕೆ, ಸೆಂಡ್‌ಇನ್‌ಪುಟ್ ಏಕೆ, ಯಾವ ಪೋರ್ಟ್ ಓದುತ್ತದೆ ಎಂದು ನಾಲ್ಕು ಸಾಲು ಬರೆದರೆ ಪರಿಶೀಲಿಸುವವರಿಗೆ ಕೆಲಸ ಹಗುರ.

ಸರಿಪಡಿಸಿದ್ದೇವೆ ಎಂಬ ಉತ್ತರ ಬಂದ ಮೇಲೂ ಅಂಗಡಿಯ ಯಂತ್ರ ಹಳೆಯ ತೀರ್ಪನ್ನೇ ಹಿಡಿದಿರಬಹುದು. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಫೆಂಡರಿನ ಎಂಪಿಸಿಎಂಡಿರನ್ ಮೂಲಕ ಮೊದಲು ಡೈನಾಮಿಕ್ ಸಿಗ್ನೇಚರ್‌ಗಳನ್ನು ತೆಗೆದು, ನಂತರ ಸಿಗ್ನೇಚರ್ ಅಪ್‌ಡೇಟ್ ಓಡಿಸಿ. ಅದಾದ ಮೇಲೆ ಕ್ವಾರಂಟೈನಿನಿಂದ ಫೈಲ್ ಮರಳಿಸಿ. ಕ್ರಮ ತಿರುಗಿದರೆ ಮರಳಿದ ಫೈಲ್ ಅದೇ ನಿಮಿಷ ಮತ್ತೆ ಒಳಗೆ.

ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ತಪ್ಪು ಜಾಗದಲ್ಲಿ ವಿನಾಯಿತಿ ಕೊಡುವುದು. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ, ಅದರ ಎಕ್ಸ್‌ಕ್ಲೂಷನ್ ಪಟ್ಟಿಗೆ ಏನು ಸೇರಿಸಿದರೂ ಫಲವಿಲ್ಲ. ವಿಂಡೋಸ್ ಸೆಕ್ಯುರಿಟಿಯ ವೈರಸ್ ಮತ್ತು ಥ್ರೆಟ್ ಪ್ರೊಟೆಕ್ಷನ್ ಪುಟದಲ್ಲಿ ಯಾರು ಕಾವಲು ಎಂದು ಬರೆದಿರುತ್ತದೆ, ಅದನ್ನು ಓದಿ. ವಿನಾಯಿತಿ ಕೊಡಲೇಬೇಕಾದರೆ ಪ್ರೋಗ್ರಾಂ ಫೈಲ್ಸ್‌ನೊಳಗಿನ ನಮ್ಮ ಫೋಲ್ಡರಿಗೆ ಮಾತ್ರ. ಡೌನ್‌ಲೋಡ್ಸ್, ಟೆಂಪ್, ಇಡೀ ಸಿ ಡ್ರೈವ್ ಇವುಗಳಿಗೆ ವಿನಾಯಿತಿ ಬರೆದಿರುವ ಯಂತ್ರಗಳೂ ಉಂಟು. ಅಲ್ಲಿ ಆಂಟಿವೈರಸ್ ಇದ್ದೂ ಇಲ್ಲ. ಕಂಪನಿ ಸರಿಪಡಿಸಿದ ದಿನ ಈ ವಿನಾಯಿತಿಯನ್ನು ಅಳಿಸಿಹಾಕಿ.

ವಿಂಡೋಸ್ 7ರ ಹಳೇ ಯಂತ್ರ ಇರುವ ಕಡೆಗೆ ಪೈಥಾನ್ 3.8ರಿಂದ ಪ್ರತ್ಯೇಕ ಬಿಲ್ಡ್ ಬೇಕು, 3.9 ಅಲ್ಲಿ ಓಡುವುದಿಲ್ಲ. ಅದರ ಹ್ಯಾಶ್ ಬೇರೆ, ಆದ್ದರಿಂದ ಸಲ್ಲಿಕೆಯೂ ಬೇರೆ. ಈಗ ಪ್ರತಿ ಬಿಲ್ಡ್ ಅಂಗಡಿಗೆ ಹೋಗುವ ಮೊದಲೇ ಸಲ್ಲಿಕೆಯಾಗುತ್ತದೆ, ಜೊತೆಗೆ ಹ್ಯಾಶ್ ಬರೆದ ಟೆಕ್ಸ್ಟ್ ಫೈಲ್ ಇರುತ್ತದೆ. ಚಿಕ್ಕಪುಟ್ಟ ತಿದ್ದುಪಡಿಗೆಲ್ಲ ಹೊಸ ಬಿಲ್ಡ್ ಕೊಡುವುದನ್ನು ನಿಲ್ಲಿಸಿದೆ. ಇಂಡಿಕೇಟರ್ ಮಾದರಿ, ಪೋರ್ಟ್ ಸಂಖ್ಯೆ, ಬಾಡ್ ಎಲ್ಲ ಐಎನ್‌ಐ ಫೈಲಿಗೆ ಹೋದವು, ಅದನ್ನು ತಿದ್ದಿದರೆ ಇಎಕ್ಸ್‌ಇಯ ಹ್ಯಾಶ್ ಬದಲಾಗದು.

0.6ರಲ್ಲಿ ತೂಕದ ಚೀಟಿಯನ್ನು ಥರ್ಮಲ್ ಪ್ರಿಂಟರಿನಲ್ಲಿ ಹಾಕುವ ಕೆಲಸವಿದೆ. ವಿಂಡೋಸ್‌ಗೆ ಆಜ್ಞೆ ಕೊಡುವ ಪವರ್‌ಶೆಲ್ಲನ್ನು ಕಿಟಕಿ ಕಾಣದಂತೆ ಕರೆದು ಪ್ರಿಂಟ್ ಮಾಡಿಸುವ ನಾಲ್ಕು ಸಾಲಿನ ದಾರಿ ಸುಲಭ, ಆದರೆ ಮರೆಯಲ್ಲಿ ಪವರ್‌ಶೆಲ್ ಎಬ್ಬಿಸುವುದು ಕೀಬೋರ್ಡ್ ಹುಕ್ಕಿನಷ್ಟೇ ಕೆಟ್ಟ ಲಕ್ಷಣ. ಓಪನ್‌ಪ್ರಿಂಟರ್, ರೈಟ್‌ಪ್ರಿಂಟರ್ ಕರೆಗಳಿಂದ ಪ್ರಿಂಟ್ ಕೆಲಸ ನೋಡಿಕೊಳ್ಳುವ ವಿಂಡೋಸ್ ಸ್ಪೂಲರಿಗೇ ನೇರವಾಗಿ ಬೈಟು ಕಳಿಸುವುದೆಂದು ಗೊತ್ತುಮಾಡಿದೆ.